ಕಂಪನಿ ದುಡ್ಡಲ್ಲಿ ಒಳ್ಳೆಯದು ಮಾಡಬೇಕೇ? ಗಿಡ, ಸೋಲಾರ್, ದೇಣಿಗೆ, ಸಂಬಳ: ಯಾವುದು ಮೊದಲು

ಮಾರ್ಚ್ ಹತ್ತಿರ ಬಂತೆಂದರೆ ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುವ ನಮ್ಮಂಥವರಿಗೆ ಒಂದು ಫೋನ್ ಗ್ಯಾರಂಟಿ. "ಸಾರ್, ಈ ವರ್ಷ ಪರವಾಗಿಲ್ಲ, ನಾಲ್ಕು ಕಾಸು ಉಳಿದಿದೆ. ಸಮಾಜಕ್ಕೆ ಏನಾದ್ರೂ ಮಾಡೋಣ ಅಂತ. ಗಿಡ ನೆಡೋಣ್ವಾ, ಸ್ಕೂಲಿಗೆ ಬ್ಯಾಗ್ ಕೊಡೋಣ್ವಾ?" ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಪ್ರಶ್ನೆ ಯಾವಾಗಲೂ ಹೀಗೇ ಇರುತ್ತದೆ, ಗಿಡ ಇಲ್ಲವೇ ಬ್ಯಾಗು. ಇವೆರಡನ್ನು ಬಿಟ್ಟು ಇನ್ನೂ ಆರೇಳು ದಾರಿಗಳಿವೆ. ಕೆಲವಕ್ಕೆ ಖರ್ಚೇ ಇಲ್ಲ. ಕೆಲವು ಹಾಕಿದ ದುಡ್ಡನ್ನು ವಾಪಸ್ ತರುತ್ತವೆ. ಅವುಗಳ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ, ಯಾಕಂದರೆ ಅವುಗಳ ಫೋಟೋ ಚೆನ್ನಾಗಿ ಬರಲ್ಲ.

ಹತ್ತರಿಂದ ಇನ್ನೂರು ಜನ ಕೆಲಸ ಮಾಡುವ ಉದ್ಯಮಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪೀಣ್ಯದ ಮೆಷಿನ್ ಶಾಪು, ದೊಡ್ಡಬಳ್ಳಾಪುರದ ಗಾರ್ಮೆಂಟ್ ಘಟಕ, ಊರೂರಲ್ಲಿರುವ ದರ್ಶಿನಿ, ಮೂವತ್ತು ಜನರ ಸಾಫ್ಟ್‌ವೇರ್ ಆಫೀಸು, ಇಂಥವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಗೇಟಿನ ಒಳಗೆ ಖರ್ಚು ಮಾಡಿದ ರೂಪಾಯಿ ಗೇಟಿನ ಹೊರಗೆ ಕೊಟ್ಟ ರೂಪಾಯಿಗಿಂತ ಬಹಳ ಸಲ ಜಾಸ್ತಿ ಕೆಲಸ ಮಾಡುತ್ತದೆ. ಒಳಗೆ ನಡೆಯುವುದು ನಿಮಗೆ ಗೊತ್ತಿರುತ್ತದೆ, ನಿಮ್ಮ ಮಾತು ನಡೆಯುತ್ತದೆ, ಕೆಲಸ ಕೆಟ್ಟರೆ ಮಾರನೇ ದಿನವೇ ಕಣ್ಣಿಗೆ ಬೀಳುತ್ತದೆ. ಹೊರಗೆ ಕೊಟ್ಟ ದುಡ್ಡಿಗೆ ಇವು ಮೂರೂ ಇರುವುದಿಲ್ಲ.

ಕಾನೂನಿನ ಗೆರೆ ಎಲ್ಲಿದೆ

ಸಿಎಸ್‌ಆರ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡುವ ಹೊಣೆ, ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ, ಆದರೆ ನಿಮ್ಮಲ್ಲಿ ಬಹಳ ಜನಕ್ಕೆ ಅದು ಅನ್ವಯವೇ ಆಗುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ವರ್ಷ ನಿವ್ವಳ ಲಾಭ 5 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನೆಟ್ ವರ್ತ್ (ಸಾಲ ಕಳೆದು ಉಳಿಯುವ ಆಸ್ತಿ) 500 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಲೇಬೇಕು. ಪಾಲುದಾರಿಕೆ ಸಂಸ್ಥೆ, ಒಬ್ಬರದೇ ಮಾಲೀಕತ್ವದ ಅಂಗಡಿ ಇದರಲ್ಲಿ ಬರುವುದಿಲ್ಲ.

ಗೆರೆ ದಾಟಿದವರು ಒಂದು ವಿಷಯ ಗಮನಿಸಬೇಕು. ನಿಮ್ಮ ಕೆಲಸಗಾರರಿಗೆ ಮಾತ್ರ ಅನುಕೂಲವಾಗುವ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವ್ಯಾಪಾರದ ಮಾಮೂಲಿ ಭಾಗವಾಗಿ ಮಾಡುವ ಖರ್ಚೂ ಬರುವುದಿಲ್ಲ. ಅಂದರೆ ನಾನು ಕೆಳಗೆ ಹೇಳುವ "ಗೇಟಿನ ಒಳಗಿನ" ಕೆಲಸಗಳಿಗೆ ಬೇರೆ ಜೇಬು, ಸಿಎಸ್‌ಆರ್‌ಗೆ ಬೇರೆ ಜೇಬು. ದೊಡ್ಡ ಕಂಪನಿಗಳು ಊರಿಗೆಲ್ಲ ದಾನ ಮಾಡಿ ತಮ್ಮ ಹೌಸ್‌ಕೀಪಿಂಗ್ ಹೆಂಗಸರ ಪಿಎಫ್ ಬಗ್ಗೆ ತಲೆ ಕೆಡಿಸಿಕೊಳ್ಳದೆ ಇರುವುದಕ್ಕೆ ಈ ಎರಡು ಜೇಬಿನ ವ್ಯವಸ್ಥೆಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಇನ್ನೊಂದು ಮಾತು. ಪಿಎಫ್ ಕಟ್ಟುವುದು, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಕಟ್ಟುವುದು, ಕೊಳೆನೀರು ಶುದ್ಧ ಮಾಡಿ ಬಿಡುವುದು ಸಮಾಜಸೇವೆ ಆಗುವುದಿಲ್ಲ, ಅದು ಬಾಕಿ ತೀರಿಸುವುದು. ಬಾಕಿ ಇಟ್ಟುಕೊಂಡು ದಾನಕ್ಕೆ ಹೊರಟವರಿಗೆ ಈ ಹೋಲಿಕೆಯೇ ಬೇಡ, ಮೊದಲು ಬಾಕಿ ಮುಗಿಸಿ.

ಗಿಡವೋ, ಸೋಲಾರೋ, ಅಥವಾ ಸುಸ್ಸ್ ಅನ್ನುವ ಪೈಪೋ

ಪರಿಸರಕ್ಕೆ ಏನಾದರೂ ಮಾಡಬೇಕು ಅಂದಾಗ ಜೂನ್ 5ಕ್ಕೆ ಗಿಡ ನೆಡುವುದು ಮೊದಲು ನೆನಪಾಗುತ್ತದೆ. ಬ್ಯಾನರ್, ಹೊಸ ಗುದ್ದಲಿ, ಎಂಡಿ ಸಾಹೇಬರ ಕೈಯಲ್ಲಿ ಒಂದು ಹೊಂಗೆ ಸಸಿ. ಕೆಲವು ಕಡೆ ಹೋದ ವರ್ಷದ ಗುಂಡಿಯೇ ಈ ವರ್ಷಕ್ಕೂ ಬರುತ್ತದೆ, ಸಸಿ ಮಾತ್ರ ಹೊಸದು. ತಮಾಷೆಯಲ್ಲ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಅಂತ ತೀರ್ಮಾನವಾಗದೆ ನೆಟ್ಟ ಗಿಡದ ಹಣೆಬರಹ ಅದೇ. ಹುಲಿಕಲ್‌ನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಬೆಳೆಸಿದ 385 ಆಲದ ಮರಗಳ ಬಗ್ಗೆ ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಆಕೆ ಮತ್ತು ಗಂಡ ಚಿಕ್ಕಯ್ಯ ಕೊಡದಲ್ಲಿ ನೀರು ಹೊತ್ತು ಕಿಲೋಮೀಟರ್‌ಗಟ್ಟಲೆ ನಡೆದದ್ದು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದ್ದು, ಅದನ್ನು ವರ್ಷಗಟ್ಟಲೆ ಮಾಡಿದ್ದು ಭಾಷಣದಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಖರ್ಚಿರುವುದು ಅಲ್ಲೇ.

ಈಗ ಲೆಕ್ಕ ನೋಡೋಣ. 10 ಕಿಲೋವ್ಯಾಟ್ ಸೋಲಾರ್ ಚಾವಣಿಗೆ ಸುಮಾರು 1,000 ಚದರ ಅಡಿ ಜಾಗ ಬೇಕು, ಐದಾರು ಲಕ್ಷ ರೂಪಾಯಿ ಬೇಕು. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ ನಾಲ್ಕು ಯುನಿಟ್ ಕೊಡುತ್ತದೆ, ಅಂದರೆ ವರ್ಷಕ್ಕೆ ಸುಮಾರು 14,000 ಯುನಿಟ್. ದೇಶದ ಗ್ರಿಡ್‌ನಲ್ಲಿ ಒಂದು ಯುನಿಟ್ ವಿದ್ಯುತ್ ತಯಾರಿಸಲು ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾದರೆ ವರ್ಷಕ್ಕೆ ಹತ್ತು ಟನ್ ತಪ್ಪಿದ ಹಾಗೆ. ಬೆಳೆದು ನಿಂತ ಒಂದು ಮರ ವರ್ಷಕ್ಕೆ ಸುಮಾರು 20 ಕೆಜಿ ಹೀರುತ್ತದೆ ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ, ಜಾತಿ ಮಳೆ ಮಣ್ಣು ನೋಡಿ ಅದು ಹೆಚ್ಚುಕಡಿಮೆ ಆಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಚಾವಣಿ 500 ದೊಡ್ಡ ಮರಗಳಿಗೆ ಸಮ. ಸಸಿಗಳಿಗಲ್ಲ, ಮರಗಳಿಗೆ. ಮೇಲಾಗಿ ಸೋಲಾರ್ ಹಾಕಿದ ದುಡ್ಡು ಐದಾರು ವರ್ಷದಲ್ಲಿ ವಾಪಸ್ ಬರುತ್ತದೆ.

ಆದರೆ ಸೋಲಾರ್‌ಗೂ ಮೊದಲು ಮಾಡುವ ಕೆಲಸ ಇದೆ. ಅರವತ್ತು ಹಳೇ ಫ್ಯಾನ್ ಇರುವ ಶೆಡ್ ಅಂದುಕೊಳ್ಳಿ. ಹಳೆಯದು 75 ವ್ಯಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ಓಡಿದರೆ 8,100 ಯುನಿಟ್ ಉಳಿತಾಯ. ಒಂದಕ್ಕೆ 3,000 ರೂಪಾಯಿ ಹಿಡಿದರೂ ಒಟ್ಟು ಖರ್ಚು 1.8 ಲಕ್ಷ. ಸೋಲಾರ್‌ನ ಮೂರನೇ ಒಂದು ಪಾಲು ದುಡ್ಡಿಗೆ ಅದರ ಅರ್ಧಕ್ಕಿಂತ ಹೆಚ್ಚು ಫಲ!

ಇದಕ್ಕಿಂತಲೂ ಅಗ್ಗದ್ದು ಬೇಕಾ? ಕಂಪ್ರೆಸರ್ ಇರುವ ವರ್ಕ್‌ಶಾಪ್ ಆದರೆ ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದಾಗ, ಮೆಷಿನ್‌ಗಳೆಲ್ಲ ನಿಂತಿರುವಾಗ, ಗಾಳಿ ಪೈಪಿನ ಉದ್ದಕ್ಕೂ ಸುಮ್ನೆ ಒಂದು ಸುತ್ತು ನಡೆಯಿರಿ. ಅಲ್ಲೊಂದು ಇಲ್ಲೊಂದು ಸುಸ್ಸ್ ಅನ್ನುವ ಸದ್ದು ಕೇಳುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸರಿಯಾಗಿ ನೋಡಿಕೊಳ್ಳದ ಕಡೆ ಕಂಪ್ರೆಸರ್ ತಯಾರಿಸಿದ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಹೀಗೇ ಸೋರಿಹೋಗುವುದು ಮಾಮೂಲು. ಯಾರೂ ಕೆಲಸ ಮಾಡದ ಹೊತ್ತಲ್ಲೂ ಕಂಪ್ರೆಸರ್ ಧಡಧಡ ಅಂತ ಆಗಾಗ ಶುರುವಾಗುತ್ತಿದ್ದರೆ ಅದೇ ಸಾಕ್ಷಿ. ಕ್ಲಿಪ್ಪು, ಓ-ರಿಂಗು, ಟೆಫ್ಲಾನ್ ಟೇಪು, ಒಬ್ಬ ಫಿಟ್ಟರ್‌ನ ಒಂದು ಭಾನುವಾರ. ಕಲ್ಲಿದ್ದಲು ಉಳಿಸುವ ಇಷ್ಟು ಅಗ್ಗದ ಉಪಾಯ ನನಗೆ ಬೇರೆ ಗೊತ್ತಿಲ್ಲ, ಆದರೆ ಇದನ್ನು ಉದ್ಘಾಟನೆ ಮಾಡಲು ಯಾವ ಶಾಸಕರೂ ಬರುವುದಿಲ್ಲ.

ಹಾಗಾದರೆ ಗಿಡ ನೆಡಲೇಬಾರದಾ? ನೆಡಿ. ನೆರಳಿಗೆ, ಹಕ್ಕಿಗೆ, ಮಣ್ಣಿಗೆ ಮರವೇ ಬೇಕು, ಸೋಲಾರ್ ಪ್ಯಾನೆಲ್‌ನಲ್ಲಿ ಗೂಡು ಕಟ್ಟಲು ಬರಲ್ಲ. ಷರತ್ತು ಮಾತ್ರ ಬದಲಿಸಿ. ನಮ್ಮ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೋಡಿ, ಅದರಲ್ಲಿ ರೈತನಿಗೆ ನೆಟ್ಟದ್ದಕ್ಕೆ ದುಡ್ಡಿಲ್ಲ, ಬದುಕಿದ ಗಿಡಕ್ಕೆ ದುಡ್ಡು. ಮೊದಲ ವರ್ಷ ಗಿಡಕ್ಕೆ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಅಂತ ದರ ಇಟ್ಟಿದ್ದರು. ನೀವು ಯಾವ ಸಂಸ್ಥೆಗೆ ಗಿಡದ ದುಡ್ಡು ಕೊಟ್ಟರೂ ಇದೇ ರೀತಿ ಮೂರು ಕಂತು ಮಾಡಿ, ಎಣಿಸಿದ ಮೇಲೆ ಕೊಡಿ. ಒಪ್ಪದವರನ್ನು ಅಲ್ಲೇ ಬಿಡಿ.

ದೇಣಿಗೆಯೋ, ನಿಮ್ಮದೇ ಕೆಲಸಗಾರರೋ

ಜನರಿಗೆ ಒಳ್ಳೆಯದು ಮಾಡಬೇಕು ಅಂದಾಗ ಮಾಲೀಕರ ಕಣ್ಣು ಅನಾಥಾಶ್ರಮದ ಕಡೆ, ಸರ್ಕಾರಿ ಶಾಲೆಯ ಕಡೆ ಹೋಗುತ್ತದೆ. ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಒಂದು ಸಂಜೆ ಗೇಟಿನ ಹತ್ತಿರ ನಿಂತು ಹೊರಗೆ ಹೋಗುವ ಹೆಂಗಸರ ಬ್ಯಾಗಿನಲ್ಲಿರುವ ನೀರಿನ ಬಾಟಲಿ ನೋಡಿ. ಬೆಳಿಗ್ಗೆ ತಂದದ್ದು ಸಂಜೆಗೂ ಮುಕ್ಕಾಲು ಪಾಲು ಹಾಗೇ ಇದ್ದರೆ ಒಳಗಿನ ಟಾಯ್ಲೆಟ್ ಬಗ್ಗೆ ಬೇರೆ ವರದಿ ಬೇಡ. ಗಲೀಜು ಅಂತಲೋ, ಎದ್ದು ಹೋದರೆ ಸೂಪರ್‌ವೈಸರ್ ಬೈಯುತ್ತಾನೆ ಅಂತಲೋ ನೀರು ಕುಡಿಯದೆ ದಿನ ಕಳೆಯುತ್ತಾರೆ. ಆಮೇಲೆ ಉರಿಮೂತ್ರ, ರಜೆ, ಆಸ್ಪತ್ರೆ. ಚಿಲಕ ಸರಿಯಿರುವ ಬಾಗಿಲು, ಬಕೆಟ್ಟು, ಮುಚ್ಚಳವಿರುವ ಡಬ್ಬ, ದಿನಕ್ಕೆ ಮೂರು ಸಲ ತೊಳೆಯುವ ಒಬ್ಬರು, ಬೈಗುಳ ಇಲ್ಲದ ಎರಡು ಬಿಡುವು. ಇದಕ್ಕೆ ಎಷ್ಟು ಖರ್ಚಾದೀತು ಹೇಳಿ?

ಆಮೇಲೆ ಬರುವುದು ಪಿಎಫ್. ನಿಮ್ಮ ಸಂಬಳದ ಪಟ್ಟಿಯಲ್ಲಿರುವವರಿಗೆ ನೀವು ಕಟ್ಟುತ್ತಿರಬಹುದು. ಸೆಕ್ಯುರಿಟಿ ಅಣ್ಣ, ಕಸ ಗುಡಿಸುವ ಅಕ್ಕ, ಲೋಡಿಂಗ್ ಹುಡುಗರು ಕಾಂಟ್ರಾಕ್ಟರ್ ಕಡೆಯವರು, ಅಲ್ವಾ? ಅವರಲ್ಲೊಬ್ಬರನ್ನು ಕೂರಿಸಿಕೊಂಡು ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆಸಿ ನೋಡಿ. ಕಾಂಟ್ರಾಕ್ಟರ್ ನಿಮ್ಮ ಬಿಲ್ಲಿನಲ್ಲಿ ಪಿಎಫ್ ಅಂತ ವಸೂಲು ಮಾಡಿದ್ದು ಅಲ್ಲಿ ಜಮಾ ಆಗಿದೆಯಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಸಿಗಬೇಕು, ಮಾಲೀಕರ ಪಾಲು ಶೇ. 3.25 ಮಾತ್ರ, ಅದರಲ್ಲಿ ಇಡೀ ಮನೆಮಂದಿಯ ಚಿಕಿತ್ಸೆ ಬರುತ್ತದೆ. ಹೆಲ್ತ್ ಕ್ಯಾಂಪ್ ಮಾಡಿ ಬಿಪಿ ನೋಡಿ ಮಾತ್ರೆ ಹಂಚುವುದಕ್ಕಿಂತ ಇಎಸ್‌ಐ ಕಾರ್ಡ್ ಕೈಗೆ ಕೊಡಿಸುವುದು ನೂರು ಪಾಲು ಮೇಲು.

ಕೆಲಸಗಾರರಿಗೆ ಆ ದುಡ್ಡು ಎಷ್ಟು ಮುಖ್ಯ ಅಂತ ಅನುಮಾನ ಇದ್ದವರು 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತುಹೋಯಿತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

ಖರ್ಚೇ ಇಲ್ಲದ ಒಂದು ಕೆಲಸ ಹೇಳುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಿಮ್ಮ ಪಾಳಿ ಮುಗಿಯುವುದು 5.30ಕ್ಕೆ, ಅವರ ಊರಿನ ಬಸ್ಸು ಹೋಗುವುದು 5.25ಕ್ಕೆ, ಮುಂದಿನದು ಒಂದೂವರೆ ಗಂಟೆ ಬಿಟ್ಟು ಅಂದರೆ ಆ ಉಚಿತದಿಂದ ಏನು ಬಂತು? ಬಸ್ಸಿನ ವೇಳಾಪಟ್ಟಿ ನೋಡಿ ಪಾಳಿಯನ್ನು ಕಾಲು ಗಂಟೆ ಹಿಂದೆ ಸರಿಸಿ. ಅಥವಾ ಡಿಪೋ ಮ್ಯಾನೇಜರ್‌ಗೆ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟು ಬಸ್ಸಿನ ಸಮಯ ಬದಲಿಸಲು ಕೇಳಿ. ಕಂಪನಿ ಕೇಳಿದರೆ ಆಗುವ ಕೆಲಸ ಒಬ್ಬ ಕೆಲಸಗಾರ್ತಿ ಕೇಳಿದರೆ ಆಗುವುದಿಲ್ಲ ಅನ್ನುವುದು ನಮ್ಮ ದೇಶದ ನಿಜ. ನಿಮ್ಮ ಆ ತೂಕವನ್ನು ಇಂಥದ್ದಕ್ಕೆ ಬಳಸಿ.

ಇನ್ನೊಂದು, ಬಡ್ಡಿಯಿಲ್ಲದ ಅಡ್ವಾನ್ಸ್. ಜೂನ್ ತಿಂಗಳಲ್ಲಿ ಸ್ಕೂಲ್ ಫೀಸು, ಹಬ್ಬದ ಖರ್ಚು, ಮನೆಯಲ್ಲೊಂದು ಕಾಯಿಲೆ. ಆಗ ಹೋಗುವುದು ಮೀಟರ್ ಬಡ್ಡಿಯವರ ಹತ್ತಿರ ಇಲ್ಲವೇ ವಾರದ ಕಂತಿನ ಫೈನಾನ್ಸಿನವರ ಹತ್ತಿರ. ವಸೂಲಿಯವರ ಕಾಟ ಎಲ್ಲಿಗೆ ಬಂತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದು ತಿಂಗಳ ಸಂಬಳದವರೆಗೆ ಮುಂಗಡ ಕೊಟ್ಟು ಆರು ಕಂತಲ್ಲಿ ಹಿಡಿಯುವ ವ್ಯವಸ್ಥೆ ಮಾಡಿದರೆ ನಿಮಗೆ ಹೋಗುವುದು ಸ್ವಲ್ಪ ಬಡ್ಡಿ ಮಾತ್ರ, ಅವರಿಗೆ ಉಳಿಯುವುದು ಮರ್ಯಾದೆ. ಕೆಲಸ ಬಿಟ್ಟುಹೋಗುವವರೂ ಕಡಿಮೆಯಾಗುತ್ತಾರೆ.

ಇದರಿಂದ ಕಂಪನಿಗೆ ಲಾಭ ಇದೆಯಾ ಅಂತ ಕೇಳುವವರಿಗೆ ಬೆಂಗಳೂರಿನದೇ ಉದಾಹರಣೆ ಇದೆ. ಇಲ್ಲಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಏನಾಯಿತು ಅಂತ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಕರೆಂಟು ಉಳಿದದ್ದು ಒಂದು ಕಡೆ. ಟ್ಯೂಬ್‌ಲೈಟಿನ ಕಾವು ಹೋಗಿ ಶೆಡ್ ತಣ್ಣಗಾಯಿತು, ಬಿಸಿಲಿನ ದಿನಗಳಲ್ಲಿ ಕುಸಿಯುತ್ತಿದ್ದ ಕೆಲಸದ ವೇಗ ಬಹುಪಾಲು ಹಾಗೇ ನಿಂತಿತು. ಅದನ್ನೂ ಲೆಕ್ಕಕ್ಕೆ ಹಿಡಿದರೆ ಎಲ್‌ಇಡಿಗೆ ಹಾಕಿದ ದುಡ್ಡು ವಾಪಸ್ ಬರುವ ಅವಧಿ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲಿಗೆ ಇಳಿಯಿತು. ಅಂದರೆ ಪರಿಸರದ ಕೆಲಸ, ಕೆಲಸಗಾರರ ಹಿತ, ಮಾಲೀಕರ ಲಾಭ ಒಂದೇ ಹೋಲ್ಡರಿನಲ್ಲಿ ನೇತಾಡುತ್ತಿದ್ದವು.

ಕೂಸಿನ ಮನೆ ಬಗ್ಗೆಯೂ ಒಂದು ಮಾತು. 50 ಜನ ಇರುವ ಕಡೆ ಕಾನೂನಿನಲ್ಲೇ ಶಿಶುಪಾಲನೆಯ ವ್ಯವಸ್ಥೆ ಇರಬೇಕು. ಇನ್‌ಸ್ಪೆಕ್ಟರ್‌ಗೆ ತೋರಿಸಲು ಒಂದು ತೊಟ್ಟಿಲು, ಎರಡು ಗೊಂಬೆ ಇಟ್ಟು ಬೀಗ ಹಾಕಿದ ಕೋಣೆಗಳೂ ಇವೆ. ಮಗು ಎತ್ತಿಕೊಂಡು ಬಸ್ಸಿನ ನೂಕುನುಗ್ಗಲಲ್ಲಿ ಬರಲು ಆಗುವುದಿಲ್ಲ ಅನ್ನುವುದೇ ಅದು ಖಾಲಿ ಇರಲು ಬಹಳ ಸಲ ಕಾರಣ. ಕೆಲಸಗಾರರು ವಾಸ ಮಾಡುವ ಬಡಾವಣೆಯಲ್ಲೇ, ಅಕ್ಕಪಕ್ಕದ ನಾಲ್ಕು ಘಟಕಗಳು ಸೇರಿ ಒಂದನ್ನು ನಡೆಸಬಹುದಾ ಅಂತ ಕೇಳಿ ನೋಡಿ.

ಹೊರಗೇ ಕೊಡುವುದಾದರೆ

ಸಿಎಸ್‌ಆರ್ ಇರುವವರು ಹೊರಗೆ ಕೊಡಲೇಬೇಕು, ಉಳಿದವರಿಗೂ ಕೊಡುವ ಮನಸ್ಸಿರಬಹುದು. ಆಗ ಹೊಸದನ್ನು ಕಟ್ಟುವುದೋ, ಇರುವುದನ್ನು ನಡೆಸುವುದೋ ಅನ್ನುವ ಆಯ್ಕೆ ಬರುತ್ತದೆ. ನಾನು ಎರಡನೆಯದರ ಕಡೆ.

ಸರ್ಕಾರಿ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಕೇಳಿ. ದಾನಿಗಳು ಕಟ್ಟಿಸಿಕೊಟ್ಟ ಶೌಚಾಲಯ ಇರುತ್ತದೆ, ಗೋಡೆ ಮೇಲೆ ಹೆಸರೂ ಇರುತ್ತದೆ. ತೊಳೆಯುವವರಿಗೆ ತಿಂಗಳ ಸಂಬಳ ಇರುವುದಿಲ್ಲ, ನೀರಿನ ಮೋಟಾರು ಕೆಟ್ಟಿರುತ್ತದೆ. ಕಂಪ್ಯೂಟರ್ ಇರುತ್ತದೆ, ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ. ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರನ್ನು ಕೂರಿಸಿಕೊಂಡು ಮೂರು ವರ್ಷದ ರಿಪೇರಿ ಮತ್ತು ಸ್ವಚ್ಛತೆಯ ಖರ್ಚು ನಮ್ಮದು ಅಂತ ಬರೆದುಕೊಡುವುದು ಹೊಸ ಕೋಣೆ ಕಟ್ಟಿಸುವುದಕ್ಕಿಂತ ಅಗ್ಗ, ಮಕ್ಕಳಿಗೆ ಅದೇ ಜಾಸ್ತಿ ಬೇಕಾದದ್ದು. ದೊಡ್ಡ ಮಟ್ಟದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಶಾಲೆಗಳಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಉಳಿದ ನಾಲ್ಕು ದಿನದ ಮೊಟ್ಟೆಯ ಖರ್ಚು ಹೊರಲು ಒಪ್ಪಿಕೊಂಡಿತು. ಹೊಸ ಅಡುಗೆಮನೆ ಇಲ್ಲ, ಹೊಸ ಯೋಜನೆ ಇಲ್ಲ. ಅದೇ ಶಾಲೆ, ಅದೇ ಅಡುಗೆಯವರು.

ಕೆರೆ ಅಭಿವೃದ್ಧಿಯೂ ಈಗ ಫ್ಯಾಷನ್. ಆನೇಕಲ್ ಕಡೆ 36 ಎಕರೆಯ ಕ್ಯಾಲಸನಹಳ್ಳಿ ಕೆರೆಯನ್ನು 2017ರಲ್ಲಿ ಸನ್ಸೇರಾ ಕಂಪನಿಯ ಸಿಎಸ್‌ಆರ್ ಹಣದಲ್ಲಿ ಅಲ್ಲಿನ ಎಂಜಿನಿಯರ್ ಆನಂದ್ ಮಲ್ಲಿಗವಾಡ್ ಹೂಳೆತ್ತಿಸಿ ತುಂಬಿಸಿದ್ದು ಹೆಸರಾಯಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಉಳಿದದ್ದು ಅಕ್ಕಪಕ್ಕದ ನಿವಾಸಿಗಳು ಬಿಡದೆ ಬೆನ್ನು ಹತ್ತಿದ್ದರಿಂದ. ಆದರೆ ಮಳೆಕಾಲುವೆ ಮತ್ತು ಚರಂಡಿ ಎರಡೂ ಒಂದೇ ಆಗಿರುವ ಕಡೆ ಸುತ್ತ ವಾಕಿಂಗ್ ಪಾತ್ ಹಾಕಿ, ಬೇಲಿ ಹಾಕಿ, ಬೆಂಚು ಹಾಕಿ ಬಂದರೆ ಎರಡು ಮಳೆಗಾಲದಲ್ಲಿ ಅಂತರಗಂಗೆ ಕಳೆ ಮತ್ತೆ ತುಂಬಿಕೊಳ್ಳುತ್ತದೆ. ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಮುಂದೆ ನೋಡಿಕೊಳ್ಳುವವರು ಯಾರು, ಇವೆರಡಕ್ಕೆ ಉತ್ತರ ಇಲ್ಲದ ಕೆರೆಗೆ ದುಡ್ಡು ಹಾಕಬೇಡಿ. ನೀವೇ ಪೀಣ್ಯದಲ್ಲಿ ಪ್ಲೇಟಿಂಗ್ (ಲೋಹಕ್ಕೆ ಲೇಪನ ಹಾಕುವ) ಘಟಕ ಇಟ್ಟುಕೊಂಡಿದ್ದರಂತೂ ಕೆರೆಯ ಸುದ್ದಿ ಆಮೇಲೆ, ಆ ಕಡೆಯ ಕಾರ್ಖಾನೆಗಳ ಕೊಳೆ ವೃಷಭಾವತಿಯಲ್ಲಿ ಸೇರಿ ಬೈರಮಂಗಲ ಕೆರೆಗೆ ಹೋಗಿ ಅಲ್ಲಿನ ಗದ್ದೆಗೆ ಹರಿಯುತ್ತದೆ. ಮೊದಲು ನಿಮ್ಮ ಪೈಪು.

ಸಂಸ್ಥೆಗಳಿಗೆ ಕೊಡುವಾಗ ಆಡಿಟ್ ಆದ ಲೆಕ್ಕ, 12ಎ, 80ಜಿ ಅನ್ನುವ ತೆರಿಗೆ ವಿನಾಯಿತಿಯ ನೋಂದಣಿ, ಸಿಎಸ್‌ಆರ್ ಹಣವಾದರೆ ಅದನ್ನು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಕೇಳುವುದು ಎಲ್ಲರಿಗೂ ಗೊತ್ತು. ನಾನು ಇನ್ನೊಂದನ್ನು ಕೇಳಿ ಅನ್ನುತ್ತೇನೆ: ನಿಮ್ಮ ಕಾರ್ಯಕರ್ತರಿಗೆ ಸಂಬಳ ಎಷ್ಟು? ಎಂಟು ಸಾವಿರಕ್ಕೆ ಹಳ್ಳಿ ಹಳ್ಳಿ ಸುತ್ತುವ ಹುಡುಗಿ ಆರು ತಿಂಗಳಿಗೆ ಬಿಟ್ಟುಹೋಗುತ್ತಾಳೆ, ನಿಮ್ಮ ಯೋಜನೆಯೂ ಅವಳ ಜೊತೆಗೇ ಹೋಗುತ್ತದೆ. "ನಮ್ಮ ದುಡ್ಡು ಪೂರ್ತಿ ಫಲಾನುಭವಿಗಳಿಗೇ ಹೋಗಬೇಕು, ಸಂಬಳಕ್ಕೆ ಬೇಡ" ಅಂತ ಹಟ ಹಿಡಿಯುವ ದಾನಿಗಳು ತಮ್ಮ ಕಂಪನಿಯನ್ನು ಸಂಬಳವಿಲ್ಲದೆ ನಡೆಸಿ ತೋರಿಸಲಿ.

ಕೊಡುವ ಬದಲು ಕೊಳ್ಳುವುದು

ನನಗೆ ಬಹಳ ಇಷ್ಟವಾದ ದಾರಿ ಇದು. ದಾನ ವರ್ಷಕ್ಕೊಮ್ಮೆ, ಖರೀದಿ ದಿನಾ. ದೀಪಾವಳಿಗೆ ಪ್ಲಾಸ್ಟಿಕ್ ಕವಚದ ಡ್ರೈಫ್ರೂಟ್ ಡಬ್ಬಿ ಹಂಚುವ ಬದಲು ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಕೊಡಬಹುದು. ಸಮವಸ್ತ್ರಕ್ಕೋ ಉಡುಗೊರೆಗೋ ಬಟ್ಟೆ ಬೇಕಾದರೆ ಹೆಗ್ಗೋಡಿನ ಹತ್ತಿರ ಚರಕ ಅನ್ನುವ ಸಂಸ್ಥೆಯ ಹೆಣ್ಣುಮಕ್ಕಳು ಸಹಜ ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ಮಾಡುತ್ತಾರೆ.

ಬಾವುಟದ ವಿಷಯ ಕೇಳಿ. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಅಳತೆ, ಬಣ್ಣ, ಹೊಲಿಗೆ ಎಲ್ಲ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದ ಪ್ರಕಾರ ರಾಷ್ಟ್ರಧ್ವಜ ತಯಾರಾಗುತ್ತದೆ. ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಸ್ಟರ್ ಬಾವುಟಕ್ಕೂ ಅವಕಾಶ ಸಿಕ್ಕ ಮೇಲೆ ಅವರ ಬೇಡಿಕೆಗೆ ಪೆಟ್ಟು ಬಿತ್ತು. ಆಗಸ್ಟ್ 15ಕ್ಕೆ ಆಫೀಸಿನ ಮುಂದೆ ಹಾರಿಸಲು ನಿಮಗೆ ಹೇಗೂ ಒಂದು ಬಾವುಟ ಬೇಕು. ನಾಲ್ಕು ಕಾಸು ಜಾಸ್ತಿ ಕೊಟ್ಟು ಅಲ್ಲಿಂದ ತರಿಸಿದರೆ ಅದೇ ಒಂದು ಕೆಲಸ.

ಕೊಳ್ಳುವುದರಲ್ಲಿ ಯಾರೂ ಗಮನಿಸದ ಭಾಗ ಬಿಲ್ ಪಾವತಿ. ನಿಮಗೆ ಡಬ್ಬ ಮಾಡಿಕೊಡುವ, ಟರ್ನಿಂಗ್ ಜಾಬ್ ಮಾಡಿಕೊಡುವ ಸಣ್ಣ ಘಟಕದವನಿಗೆ ನಾಲ್ಕು ತಿಂಗಳು ದುಡ್ಡು ಕೊಡದಿದ್ದರೆ ಅವನು ತನ್ನ ಹುಡುಗರಿಗೆ ಸಂಬಳ ತಡ ಮಾಡುತ್ತಾನೆ, ಪಿಎಫ್ ಕಟ್ಟುವುದು ಬಿಡುತ್ತಾನೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಹೆಚ್ಚೆಂದರೆ 45 ದಿನ, ಕರಾರು ಇಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2023-24ರ ಲೆಕ್ಕದಿಂದ ಆದಾಯ ತೆರಿಗೆಯವರೂ ಹಾಗೆ ತಡವಾದ ಬಿಲ್ಲನ್ನು ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಅಂತ ಒಪ್ಪುತ್ತಾರೆ. ಹೋಳಿಗೆ ಹಂಚಿ ಹಳೇ ಸಾಲ ಮರೆಸಿದ ಹಾಗೆ ಆಗಬಾರದಲ್ಲ, ಒಂದು ಕಡೆ ಸಿಎಸ್‌ಆರ್ ಪ್ರಶಸ್ತಿ, ಇನ್ನೊಂದು ಕಡೆ ಸಪ್ಲೈಯರ್ ಫೋನ್ ಎತ್ತದೆ ಇರುವುದು. ಸಣ್ಣವರ ಬಿಲ್ಲನ್ನು 15 ದಿನಕ್ಕೆ ಕೊಡುವ ಪದ್ಧತಿ ಮಾಡಿ, ನಿಮ್ಮ ಸುತ್ತ ಹತ್ತು ಘಟಕಗಳ ಕೆಲಸಗಾರರಿಗೆ ಅದರ ಫಲ ಮುಟ್ಟುತ್ತದೆ.

ಸರ್ಟಿಫಿಕೇಟು

ಪರಿಸರ, ಕೆಲಸಗಾರರ ಹಿತ ಇವುಗಳ ಸರ್ಟಿಫಿಕೇಟನ್ನು ರಫ್ತು ಮಾಡುವವರಾದರೆ, ಕೊಳ್ಳುವವರು ಕೇಳಿದರೆ ಮಾಡಿಸಿ. ಇಲ್ಲದಿದ್ದರೆ ಆ ದುಡ್ಡಿಗೆ ಫ್ಯಾನ್ ಬದಲಿಸಿ. ಪ್ಯಾಕೆಟ್ ಮೇಲೆ ಹಸಿರು ಎಲೆ ಬಿಡಿಸಿ "ಪರಿಸರಸ್ನೇಹಿ" ಅಂತ ಸುಮ್ನೆ ಬರೆಯುವ ಕಾಲ ಹೋಯಿತು, 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಸುಳ್ಳು ಹಸಿರಿನ ವಿರುದ್ಧ ಮಾರ್ಗಸೂಚಿ ತಂದಿದೆ. ಹೇಳಿದ್ದಕ್ಕೆ ಪುರಾವೆ ಇರಬೇಕು.

ನಾನಾಗಿದ್ದರೆ

ಗಾರ್ಮೆಂಟ್ ಘಟಕ, ನೂರೈವತ್ತು ಜನ, ಐದು ಲಕ್ಷ ಇದೆ ಅಂದರೆ ಟಾಯ್ಲೆಟ್ ಮತ್ತು ನೀರಿಗೆ ಒಂದೂವರೆ, ಫ್ಯಾನು ಮತ್ತು ಎಲ್‌ಇಡಿಗೆ ಎರಡು, ಉಳಿದದ್ದು ಅಡ್ವಾನ್ಸ್ ನಿಧಿಗೆ. ಅಡ್ವಾನ್ಸ್ ನಿಧಿಯ ಒಳ್ಳೆಯ ಗುಣ ಅಂದರೆ ಅದು ಖರ್ಚಾಗುವುದಿಲ್ಲ, ಸುತ್ತುತ್ತಾ ಇರುತ್ತದೆ. ಸೋಲಾರ್ ಮುಂದಿನ ವರ್ಷ, ಬ್ಯಾಂಕ್ ಸಾಲದಲ್ಲಿ.

ದರ್ಶಿನಿ ಆದರೆ ಲೆಕ್ಕ ಬೇರೆ. ಅಲ್ಲಿ ಗೇಟಿನಿಂದ ಹೊರಗೆ ಹೋಗುವುದು ಹಸಿಕಸ ಮತ್ತು ಕರಿದ ಎಣ್ಣೆ. ಪದೇಪದೇ ಕಾಯಿಸಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಅನ್ನುವ ಅಂಶ ಶೇ. 25 ದಾಟಿದರೆ ಬಳಸುವಂತಿಲ್ಲ ಅಂತ 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಇದೆ. ರಾತ್ರಿ ಆ ಕಪ್ಪು ಎಣ್ಣೆಯನ್ನು ಕಡಿಮೆ ಬೆಲೆಗೆ ಬೀದಿಬದಿಯ ಗಾಡಿಯವರಿಗೆ ಮಾರುವ ಹೋಟೆಲ್‌ಗಳಿವೆ, ಅದು ಬಡವರ ಹೊಟ್ಟೆಗೇ ಹೋಗುತ್ತದೆ. ಬಯೋಡೀಸೆಲ್ ಮಾಡುವವರು ಅದೇ ಎಣ್ಣೆಯನ್ನು ದುಡ್ಡು ಕೊಟ್ಟು ಒಯ್ಯುತ್ತಾರೆ. ದಿನಕ್ಕೆ ನೂರು ಕೆಜಿ ಹಸಿಕಸ ಬರುವ ದೊಡ್ಡ ಹೋಟೆಲ್ ಆದರೆ ಬಯೋಗ್ಯಾಸ್ ಘಟಕ ಯೋಚಿಸಿ, ದಿನಕ್ಕೆ ನಾಲ್ಕು ಕೆಜಿ ಆಸುಪಾಸಿನ ಎಲ್‌ಪಿಜಿಗೆ ಸಮನಾದ ಗ್ಯಾಸ್ ಸಿಗುತ್ತದೆ. ಜಾಗ ಇಲ್ಲ, ನೋಡಿಕೊಳ್ಳುವ ಹುಡುಗ ಇಲ್ಲ ಅಂದರೆ ಬೇಡ, ನಿಂತುಹೋದ ಬಯೋಗ್ಯಾಸ್ ಟ್ಯಾಂಕಿನ ವಾಸನೆ ಗಿರಾಕಿಗಳನ್ನು ಓಡಿಸುತ್ತದೆ. ತಟ್ಟೆ ತೊಳೆಯುವ ಹುಡುಗರು ಮಲಗುವ ಕೋಣೆಯನ್ನೂ ಒಮ್ಮೆ ಹೋಗಿ ನೋಡಿ ಬನ್ನಿ, ಅಲ್ಲಿ ಕಿಟಕಿ ಇದೆಯಾ ಅಂತ.

ಮೆಷಿನ್ ಶಾಪ್‌ಗೆ ಮೊದಲು ಸೋರುವ ಗಾಳಿ ಪೈಪು, ಆಮೇಲೆ ಮಳೆನೀರು. 100 ಚದರ ಮೀಟರ್ ಶೀಟ್ ಚಾವಣಿ ಮೇಲೆ ಬೆಂಗಳೂರಿನ ವರ್ಷದ ಮಳೆ, ಸುಮಾರು 970 ಮಿಲಿಮೀಟರ್, ಬಿದ್ದರೆ 97,000 ಲೀಟರ್. ಸೋರಿ ಆವಿಯಾಗಿ ಹೋದದ್ದು ಬಿಟ್ಟರೂ 75,000 ಲೀಟರ್ ಹಿಡಿಯಬಹುದು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾಫ್ಟ್‌ವೇರ್ ಆಫೀಸಿನವರಿಗೆ ಹೊಗೆಯಿಲ್ಲ, ಕೊಳೆನೀರಿಲ್ಲ, ಚಾವಣಿಯೂ ಬಾಡಿಗೆಯವರದು. ಅವರ ಕೈಯಲ್ಲಿರುವುದು ಉದ್ಯೋಗ. ಅಂಗವಿಕಲರಿಗೆ ಕೆಲಸ ಕೊಡುವುದನ್ನು ಬೆಂಗಳೂರಿನ ವಿಂಧ್ಯಾ ಇ-ಇನ್ಫೋಮೀಡಿಯಾ ತನ್ನ ವ್ಯಾಪಾರದ ಬುಡವನ್ನೇ ಮಾಡಿಕೊಂಡಿದೆ, ಅಲ್ಲಿನ ಸಿಬ್ಬಂದಿಯಲ್ಲಿ ಬಹುಪಾಲು ಅವರೇ. ಮೂವತ್ತು ಜನರ ಆಫೀಸಿನಲ್ಲಿ ಇಬ್ಬರನ್ನು ತೆಗೆದುಕೊಳ್ಳಲು ಆಗದಷ್ಟು ಕಷ್ಟವೇನಿಲ್ಲ. ಜಾಹೀರಾತು ಹಾಕುವ ಮೊದಲು ಲಿಫ್ಟಿನ ಮುಂದಿರುವ ಆ ಎರಡು ಮೆಟ್ಟಿಲಿಗೆ ಇಳಿಜಾರು ಹಾಕಿಸಲು ಕಟ್ಟಡದ ಮಾಲೀಕರನ್ನು ಒಪ್ಪಿಸಿ, ಟಾಯ್ಲೆಟ್ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದಾ ಅಂತ ಟೇಪು ಹಿಡಿದು ಅಳೆಯಿರಿ. 90 ಸೆಂಟಿಮೀಟರ್ ಇದ್ದರೆ ಆರಾಮ.